ಅಬ್ಬಾನಿಗೆ ಹೇಳಿದ ಚೀನಾ

ನಮ್ಮ ತರಗತಿಯವರೆಲ್ಲ ಚೀನಾದ ವಿಮಾನ ಹತ್ತಿದ ದಿನ ನಾನು ನ್ಯೂಯಾರ್ಕ್ ಹತ್ತಿರದ ಮಾರಿಸ್‌ಟೌನ್‌ನ ಒಂದು ಬೇಸ್‌ಮೆಂಟಿನಲ್ಲಿ ಕೂತು ಒಗೆದ ಬಟ್ಟೆ ಮಡಚುತ್ತಿದ್ದೆ. ಮೇಲಿನ ಮನೆ ಬೆಂಗಳೂರಿನ ಒಬ್ಬ ಅಂಕಲ್ ಮತ್ತು ಆಂಟಿಯದು. ಕೆಳಗಿನ ಒಂದು ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಆಂಟಿ ಮೆಟ್ಟಿಲ ಮೇಲಿಂದ ಬಗ್ಗಿ ನೋಡಿ, ಇನ್ನೂ ಇಲ್ಲೇ ಇದ್ದೀಯಲ್ಲ, ಫ್ಲೈಟ್ ಎಷ್ಟು ಗಂಟೆಗೆ ಅಂತ ಕೇಳಿದರು. ಹೋಗುತ್ತಿಲ್ಲ ಅಂದೆ. ಅಯ್ಯೋ ಪಾಪ ಅಂದವರು ರಾತ್ರಿ ಎರಡು ಚಪಾತಿ ಜಾಸ್ತಿ ಕಳಿಸಿದರು. ಆಂಟಿಗೆ ಇಷ್ಟು ಸುಲಭವಾಗಿ ಹೇಳಿದ ಮಾತನ್ನು ಮೈಸೂರಿನಲ್ಲಿದ್ದ ಅಬ್ಬಾನಿಗೆ ಹೇಳಲು ಎರಡು ವಾರದಿಂದ ನನಗೆ ಬಾಯಿ ಬಂದಿರಲಿಲ್ಲ.

ಹೋಗದಿದ್ದ ಕಾರಣ ದೊಡ್ಡದೇನಲ್ಲ. ಅಮೆರಿಕಕ್ಕೆ ಬಂದು ಐದು ವರ್ಷ ದಾಟಿತ್ತು. ಮೊದಲು ಒಂದು ಎಂ.ಎಸ್., ಆಮೇಲೆ ಒಂದಿಷ್ಟು ಕಾಲ ಕೆಲಸ, ಈಗ ಮತ್ತೆ ವಿದ್ಯಾರ್ಥಿ. ಪಾಸ್‌ಪೋರ್ಟಿನಲ್ಲಿದ್ದ ವೀಸಾ ಸ್ಟ್ಯಾಂಪಿನ ಅವಧಿ ಮುಗಿದಿತ್ತು. ದೇಶದ ಒಳಗಿರುವಷ್ಟು ದಿನ ತೊಂದರೆಯಿಲ್ಲ, ಹೊರಗೆ ಕಾಲಿಟ್ಟರೆ ಮರಳಿ ಬರಲು ಹೊಸ ಸ್ಟ್ಯಾಂಪ್ ಬೇಕು. ಅದು ಯಾವಾಗ ಸಿಗುತ್ತದೆ, ಸಿಗುತ್ತದೋ ಇಲ್ಲವೋ, ಹೇಳುವವರಿಲ್ಲ. ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಆಫೀಸಿನ ಹೆಂಗಸು ನನ್ನ ಮುಖ ನೋಡಿ, ನಾನಾಗಿದ್ದರೆ ಹೋಗುತ್ತಿರಲಿಲ್ಲ ಅಂದಳು. ಅಲ್ಲಿಗೆ ಗುವಾಂಗ್‌ಝೌ, ಫುಝೌ, ಶಿಯಾನ್ ಎಂಬ ಮೂರು ಊರುಗಳ ಹತ್ತು ದಿನದ ಶೈಕ್ಷಣಿಕ ಪ್ರವಾಸ ನನ್ನ ಪಾಲಿಗೆ ಮುಗಿಯಿತು.

ಆದರೆ ಅಬ್ಬಾನ ಪಾಲಿಗೆ ಅದು ಆಗಲೇ ಶುರುವಾಗಿಬಿಟ್ಟಿತ್ತು. ಅಬ್ಬಾ ಮೂವತ್ತು ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು. ಒಂಬತ್ತನೇ ಕ್ಲಾಸಿನಲ್ಲಿ ನನಗೂ ಕಲಿಸಿದ್ದಾರೆ. ಮನೆಯಲ್ಲಿ ನಮ್ಮದು ದಖನಿ ಉರ್ದು, ಆದರೆ ನದಿ, ಮಣ್ಣು, ಮಳೆಗಳ ವಿಷಯ ಬಂದರೆ ಅಬ್ಬಾನೂ ನಾನೂ ತಾನಾಗಿ ಕನ್ನಡಕ್ಕೆ ಹೊರಳುತ್ತಿದ್ದೆವು. ಚೀನಾದ ನಕಾಶೆಯನ್ನು ಅವರು ಪುಸ್ತಕ ನೋಡದೆ ಬೋರ್ಡಿನ ಮೇಲೆ ಎಳೆಯುತ್ತಿದ್ದರು. ಹಳದಿ ನದಿ ಎಲ್ಲಿ ತಿರುಗುತ್ತದೆ ಎಂಬುದು ಅವರಿಗೆ ನಮ್ಮ ಬೀದಿಯ ತಿರುವಿನಷ್ಟೇ ಗೊತ್ತು. ಕರ್ನಾಟಕ ದಾಟಿ ಅವರು ಹೋದದ್ದು ಮಾತ್ರ ಊಟಿಯ ತನಕ. ಈಗ ಮೂರು ವರ್ಷದಿಂದ ಗ್ಲಾಕೋಮಾ ಬಂದು ಎರಡೂ ಕಣ್ಣು ಹೆಚ್ಚುಕಡಿಮೆ ಹೋಗಿವೆ. ಬೆಳಕು ಕಾಣುತ್ತದೆ, ಮುಖ ಕಾಣುವುದಿಲ್ಲ.

ಪ್ರವಾಸದ ಸುದ್ದಿ ಹೇಳಿದ ಮಾರನೆಯ ದಿನವೇ ಅವರ ಪ್ರಶ್ನೆಗಳ ಪಟ್ಟಿ ಬಂತು. ಅಬ್ಬಾ ಹೇಳಿದ್ದನ್ನು ಅಣ್ಣನ ಮಗಳು ಟೈಪ್ ಮಾಡಿ ಕಳಿಸಿದ್ದಳು. ದಕ್ಷಿಣದಲ್ಲಿ ಅನ್ನ, ಉತ್ತರದಲ್ಲಿ ಗೋಧಿ ಅಂತ ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಅದು ಬದಲಾಗುವುದು ಕಣ್ಣಿಗೆ ಕಾಣುತ್ತದೆಯೇ? ಶಿಯಾನ್ ಕಡೆಯ ಹಳದಿ ಮಣ್ಣು ಬೆರಳಲ್ಲಿ ತಿಕ್ಕಿದರೆ ಹೇಗಿರುತ್ತದೆ? ಬೆಳಗಿನ ಹೊತ್ತು ಮುದುಕರು ಪಾರ್ಕಿನಲ್ಲಿ ಏನು ಮಾಡುತ್ತಾರೆ? ನಮ್ಮವರು, ಅಲ್ಲಿಯ ಮುಸಲ್ಮಾನರು, ಹೇಗಿದ್ದಾರೆ? ಮಹಾಗೋಡೆ ಪ್ರವಾಸದಲ್ಲಿ ಇಲ್ಲ ಅಂತ ನಾನು ಬೇಜಾರು ಮಾಡಿಕೊಂಡರೆ, "ಗೋಡೆ ಎಲ್ರೂ ನೋಡ್ತಾರೆ, ನೀನು ಮಣ್ಣು ನೋಡು" ಅಂದರು. ಇಷ್ಟು ಸಾಲದು ಎಂಬಂತೆ, ತಿಂಗಳಿಗೊಂದು ಭಾನುವಾರ ಸಂಜೆ ಮನೆಗೆ ಬಂದು ಕೂರುವ ತಮ್ಮ ಹಳೆಯ ವಿದ್ಯಾರ್ಥಿಗಳಿಗೆ, ಈ ಸಲ ಚೀನಾ ಪಾಠ, ಮಗಳು ನೋಡಿ ಹೇಳಿದ್ದನ್ನು ನಾನು ನಿಮಗೆ ಹೇಳುತ್ತೇನೆ ಅಂತ ಸಾರಿಬಿಟ್ಟಿದ್ದರು. ಆಟೋ ಓಡಿಸುವವನು, ಬೇಕರಿಯವನು, ಬ್ಯಾಂಕಿನಲ್ಲಿರುವವಳು, ಎಲ್ಲ ಸೇರಿ ಹತ್ತು ಹನ್ನೆರಡು ಜನ. ಅವರಲ್ಲಿ ಒಬ್ಬರಿಗೂ ಅಬ್ಬಾ ಎಂದೂ ಪುಕ್ಕಟೆ ಅಂಕ ಕೊಟ್ಟವರಲ್ಲ, ಗೊತ್ತಿಲ್ಲದ್ದನ್ನು ಗೊತ್ತು ಅಂದವರಲ್ಲ.

ಇಂಥವರಿಗೆ ನಾನು ವಿಮಾನ ಹೊರಟ ಮಾರನೆಯ ದಿನ 'ತಲುಪಿದೆ' ಅಂತ ಮೆಸೇಜು ಹಾಕಿದೆ. ನಾಳೆ ಹೇಳೋಣ ಅಂತ ಹದಿನಾಲ್ಕು ದಿನ ತಳ್ಳಿದವಳಿಗೆ ಹದಿನೈದನೇ ದಿನ ಸುಳ್ಳೇ ಹತ್ತಿರದ ದಾರಿಯಾಗಿ ಕಂಡಿತು. ಆಮೇಲೆ ಒಂದು ವಾರ, ಚೆನ್ನಾಗಿದ್ದೇನೆ, ತುಂಬ ಸುತ್ತಾಟ, ಎಲ್ಲ ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಹೇಳುತ್ತೇನೆ ಅಂತ ಚುಟುಕಾಗಿ ಬರೆಯುತ್ತ ದಿನ ದೂಡಿದೆ. ಮೈಸೂರಿನ ಭಾನುವಾರ ಬೆಳಿಗ್ಗೆ ಅಂದರೆ ಇಲ್ಲಿಯ ಶನಿವಾರ ರಾತ್ರಿ. ಅಷ್ಟರಲ್ಲಿ ಹೇಳಲು ಏನಾದರೂ ಕೂಡಿಸಿಕೊಳ್ಳಬೇಕಿತ್ತು. ಸುಳ್ಳಿಗೂ ಸಾಮಾನು ಬೇಕಲ್ಲ.

ಸಾಮಾನು ಎಲ್ಲಿ ಸಿಗುತ್ತದೆ ಅಂತ ಹೇಳಿದವಳು ನನ್ನ ತರಗತಿಯ ಚೀನೀ ಗೆಳತಿ. ಅವಳ ಊರು ಶಿಯಾನೇ. ಅವಳ ಸ್ಟ್ಯಾಂಪೂ ಮುಗಿದಿತ್ತು. ನಮ್ಮ ತರಗತಿಯವರು ಅವಳು ಓದಿದ ಶಾಲೆಯ ಬೀದಿಯಲ್ಲಿ ನಿಂತು ಸೆಲ್ಫಿ ಹಾಕುತ್ತಿದ್ದರೆ ಅವಳು ಇಲ್ಲಿ ಕೂತು ಅದಕ್ಕೆ ಲೈಕ್ ಒತ್ತುತ್ತಿದ್ದಳು. ಅವಳ ಪ್ರಕಾರ ಗುವಾಂಗ್‌ಝೌ ನೋಡಬೇಕಾದರೆ ಮ್ಯಾನ್‌ಹಟನ್ನಿನ ಹಳೆಯ ಚೈನಾಟೌನ್ ಇದೆ, ಫುಝೌಗೆ ಬ್ರೂಕ್ಲಿನ್ನಿನ ಎಂಟನೇ ಅವೆನ್ಯೂ ಇದೆ, ಉತ್ತರದವರೆಲ್ಲ ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿದ್ದಾರೆ, ಒಂದೇ ದಿನಕ್ಕೆ ಮೂರೂ ಊರು ಮುಗಿಸಬಹುದು. ನಾನು ಅಬ್ಬಾನ ವಿಷಯ ಹೇಳಿದಾಗ ಅವಳಿಗೆ ಅರ್ಥವಾಗಲಿಲ್ಲ. ತನ್ನ ತಾಯಿಗೆ ಅವಳು ಮೊದಲ ದಿನವೇ ಹೇಳಿದ್ದಳಂತೆ. ತಾಯಿ ಒಂದು ದಿನ ಅತ್ತು, ಎರಡನೇ ದಿನ ಏನು ತಿಂದೆ ಅಂತ ಕೇಳಿದಳಂತೆ. ಇನ್ನೊಂದು ವಿಷಯವನ್ನೂ ಅವಳು ಹೇಳಿದಳು. ನಾನು ಮನೆಗೆ ಮೆಸೇಜು ಹಾಕುವ ಆ್ಯಪ್ ಚೀನಾದಲ್ಲಿ ನಡೆಯುವುದೇ ಇಲ್ಲ, ತಿಳಿದವರಾಗಿದ್ದರೆ ಮೊದಲ ದಿನವೇ ಹಿಡಿಯುತ್ತಿದ್ದರು. ನಮ್ಮಪ್ಪನಿಗೆ ನದಿ ಗೊತ್ತು, ಆ್ಯಪ್ ಗೊತ್ತಿಲ್ಲ ಅಂತ ರೇಗಿದೆ. ರೇಗಿದ್ದು ಅವಳ ಮೇಲಲ್ಲ.

ಶನಿವಾರ ಬೆಳಿಗ್ಗೆ ಮಾರಿಸ್‌ಟೌನ್‌ನಿಂದ ಟ್ರೇನು ಹಿಡಿದು ಪೆನ್ ಸ್ಟೇಷನ್, ಅಲ್ಲಿಂದ ಸಬ್‌ವೇ. ಚೈನಾಟೌನಿನ ಕೆನಾಲ್ ಸ್ಟ್ರೀಟಿನಲ್ಲಿ ಮೇಲೆ ಬಂದಾಗ ಗೆಳತಿ ಕೈಯಲ್ಲಿ ಛತ್ರಿ ಹಿಡಿದು ನಿಂತಿದ್ದಳು, ಬಿಸಿಲಿಗೆ. ನಾನು ಈ ಬೀದಿಗೆ ಮೊದಲೂ ಬಂದಿದ್ದೇನೆ, ಚೌಕಾಶಿ ಮಾಡಿ ಬ್ಯಾಗು ಕೊಂಡು ಹೋಗಿದ್ದೇನೆ. ಆದರೆ ಅವತ್ತು ಅಬ್ಬಾನ ಪಟ್ಟಿ ಜೇಬಿನಲ್ಲಿತ್ತು, ಹಾಗಾಗಿ ಕಣ್ಣು ಬೇರೆಯಾಗಿತ್ತು. ಎಲ್ಲರ ಬಟ್ಟಲಲ್ಲಿ ಏನಿದೆ ಅಂತ ಇಣುಕಿ ನೋಡುತ್ತ ನಡೆದೆ. ಅನ್ನ, ಅಕ್ಕಿಹಿಟ್ಟಿನ ತೆಳ್ಳಗಿನ ಸುರುಳಿ, ಅಕ್ಕಿಯ ಶಾವಿಗೆ, ಗಂಜಿ. ಒಂದು ಸಣ್ಣ ಅಂಗಡಿಯಲ್ಲಿ ಗೆಳತಿ ವಿಚಾರಿಸಿ, ಮಾಂಸ ಏನೂ ಹಾಕಿಲ್ಲವೆಂದು ಎರಡು ಸಲ ಖಾತ್ರಿ ಮಾಡಿಕೊಂಡು, ಬಿಳಿ ಗಂಜಿ ತರಿಸಿದಳು. ಮೇಲೆ ಶುಂಠಿ, ಹುರಿದ ಕಡಲೆಬೀಜ. ಜ್ವರ ಬಂದಾಗ ಅಮ್ಮಿ ಕೊಡುವ ಗಂಜಿಯನ್ನು ಇಲ್ಲಿ ಗಟ್ಟಿಮುಟ್ಟಾದ ಗಂಡಸರು ಕೆಲಸಕ್ಕೆ ಹೊರಡುವ ಮುಂಚೆ ಕುಡಿಯುತ್ತಿದ್ದರು.

ಗೆಳತಿಗೆ ಅಲ್ಲಿ ಯಾರ ಮಾತೂ ಅರ್ಥವಾಗುತ್ತಿರಲಿಲ್ಲ ಎಂಬುದು ನನಗೆ ಸೋಜಿಗ. ಅಂಗಡಿಯಾಕೆ ಕ್ಯಾಂಟೊನೀಸ್ ಆಡಿದರೆ ಇವಳು ಮ್ಯಾಂಡರಿನ್ ಆಡುತ್ತಿದ್ದಳು, ಕೊನೆಗೆ ಇಬ್ಬರೂ ಇಂಗ್ಲಿಷಿಗೆ ಇಳಿಯುತ್ತಿದ್ದರು. ಬೀದರದವರೂ ಮಂಗಳೂರಿನವರೂ ಬೆಂಗಳೂರಿನ ಬಸ್ಸಿನಲ್ಲಿ ಮಾಡುವುದೂ ಇದನ್ನೇ ಅಂತ ಅವಳಿಗೆ ಹೇಳಿದೆ. ಪಾರ್ಕಿನಲ್ಲಿ ಮುದುಕರು ಕಲ್ಲಿನ ಮೇಜುಗಳ ಸುತ್ತ ಗುಂಪುಗೂಡಿ ತಮ್ಮ ಕಡೆಯ ಚದುರಂಗ ಆಡುತ್ತಿದ್ದರು. ಆಡುವವರು ಇಬ್ಬರು, ಬುದ್ಧಿ ಹೇಳುವವರು ಒಂಬತ್ತು. ಒಬ್ಬ ಎರಡು ತಂತಿಯ ಪಿಟೀಲು ನುಡಿಸುತ್ತಿದ್ದ, ಪಕ್ಕದಲ್ಲಿ ಒಬ್ಬ ಹೆಂಗಸು ಕಣ್ಣು ಮುಚ್ಚಿ ಹಾಡುತ್ತಿದ್ದಳು, ಪ್ಲಾಸ್ಟಿಕ್ ಚೀಲದಲ್ಲಿ ಅವಳ ಸೊಪ್ಪು ಬಾಡುತ್ತಿತ್ತು. ನಾನು ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡೆ. ಮೂರನೇ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂತ ನಿಜವಾಗಿಯೂ ಖುಷಿಯಾಯಿತು.

ಬ್ರೂಕ್ಲಿನ್ನಿನ ಎಂಟನೇ ಅವೆನ್ಯೂ ಇನ್ನೊಂದು ಲೋಕ. ಅಂಗಡಿಗಳು ಫುಟ್‌ಪಾತಿಗೆ ಚೆಲ್ಲಿದ್ದವು. ತೊಟ್ಟಿಗಳಲ್ಲಿ ಜೀವಂತ ಮೀನು, ಬುಟ್ಟಿಯಲ್ಲಿ ಏಡಿ, ಬಲೆ ಮುಚ್ಚಿದ ಟಬ್ಬಿನಲ್ಲಿ ಕಪ್ಪೆ. ನೀರು ಕಾಲಡಿ ಹರಿಯುತ್ತಿತ್ತು. ದೇವರಾಜ ಮಾರ್ಕೆಟ್ಟಿನಲ್ಲಿ ಬೆಳೆದ ನನಗೆ ತಳ್ಳಾಟ ಹೊಸದಲ್ಲ, ಆದರೆ ಇಲ್ಲಿಯ ಅಜ್ಜಿಯರು ಮೊಣಕೈಯಿಂದ ತಿವಿಯುವ ರೀತಿಗೆ ನಾನು ಮೂರು ಸಲ ಸೋತೆ. ನಾಲ್ಕನೇ ಸಲ ನಾನೂ ತಿವಿದೆ, ಅಜ್ಜಿ ತಿರುಗಿ ನೋಡಿ ನಕ್ಕಳು. ಒಂದು ಅಂಗಡಿಯ ಗಾಜಿನ ತುಂಬ ಚೀನೀ ಅಕ್ಷರದ ಚೀಟಿಗಳನ್ನು ಅಂಟಿಸಿದ್ದರು. ಮುಂದೆ ಸೂಟ್‌ಕೇಸು ಹಿಡಿದ ನಾಲ್ಕೈದು ಗಂಡಸರು ಓದುತ್ತ ನಿಂತಿದ್ದರು. ಬೇರೆ ರಾಜ್ಯಗಳ ಹೋಟೆಲುಗಳಲ್ಲಿ ಖಾಲಿಯಿರುವ ಕೆಲಸಗಳಂತೆ, ಒಪ್ಪಿಕೊಂಡವರನ್ನು ಸಂಜೆಯ ಬಸ್ಸು ಒಯ್ಯುತ್ತದಂತೆ. ಎಲ್ಲಿಗೆ ಹೋಗುತ್ತೀರಿ ಅಂತ ಗೆಳತಿಯ ಕೈಲಿ ಒಬ್ಬನನ್ನು ಕೇಳಿಸಿದೆ. ಊರಿನ ಹೆಸರು ಅವನಿಗೆ ಗೊತ್ತಿರಲಿಲ್ಲ, ಎಷ್ಟು ಗಂಟೆ ದೂರ ಎಂಬುದು ಗೊತ್ತಿತ್ತು. ಅವನು ತನ್ನ ಮನೆಗೆ ಏನಂತ ಹೇಳಿರಬಹುದು ಅಂತ ದಾರಿಯುದ್ದಕ್ಕೂ ಯೋಚಿಸಿದೆ.

ಫ್ಲಶಿಂಗ್‌ಗೆ ಸಬ್‌ವೇ ಹಿಡಿದರೆ ಮ್ಯಾನ್‌ಹಟನ್ ಸುತ್ತಿ ಹೋಗಬೇಕು. ಚೀನೀಯರದೇ ಸಣ್ಣ ವ್ಯಾನುಗಳು ನೇರವಾಗಿ ಓಡುತ್ತವೆ ಅಂತ ಗೆಳತಿ ಒಂದಕ್ಕೆ ಹತ್ತಿಸಿದಳು. ಬೋರ್ಡಿಲ್ಲ, ಟಿಕೆಟ್ಟಿಲ್ಲ, ತುಂಬಿದ ಮೇಲೆ ಹೊರಡುತ್ತದೆ. ಇನ್ನೊಬ್ಬರು ಬರಲಿ ಅಂತ ಡ್ರೈವರು ಬಾಗಿಲು ತೆಗೆದಿಟ್ಟು ಕಾದ ರೀತಿ ನೋಡಿ ನನಗೆ ಊರಿನ ಟೆಂಪೋ ಸ್ಟ್ಯಾಂಡಿನಲ್ಲಿ ಕೂತ ಹಾಗಾಯಿತು. ಆ ವ್ಯಾನಿನಲ್ಲಿ ನಾನು ಎರಡನೇ ಪ್ರಶ್ನೆ ಕೇಳಿದೆ. ನಿಮ್ಮ ಊರಿನ ಮಣ್ಣು ಹೇಗಿರುತ್ತದೆ?

ಅವಳು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು. ವಸಂತದಲ್ಲಿ ಗಾಳಿ ಎದ್ದರೆ ಕಿಟಕಿಯ ಕಟ್ಟೆಯ ಮೇಲೆ ಹಳದಿ ಪುಡಿ ಕೂರುತ್ತದೆ. ಹಿಟ್ಟಿಗಿಂತ ನಯ, ಆದರೆ ಹಲ್ಲಿಗೆ ಸಿಕ್ಕರೆ ಕರಕರ ಅನ್ನುತ್ತದೆ. ಅವಳ ತಾಯಿ ಒದ್ದೆ ಬಟ್ಟೆಯಿಂದ ದಿನಕ್ಕೆ ಎರಡು ಸಲ ಒರೆಸುತ್ತಾಳೆ, ಒರೆಸುತ್ತ ಬೈಯುತ್ತಾಳೆ. ಒರೆಸುವುದು ಬಿಟ್ಟ ದಿನ ಅದರ ಮೇಲೆ ಇವಳು ಬೆರಳಿನಿಂದ ತನ್ನ ಹೆಸರು ಬರೆಯುತ್ತಿದ್ದಳಂತೆ. ಇಷ್ಟು ಹೇಳಿ ಛತ್ರಿಯನ್ನು ಬಿಚ್ಚಿ ಮತ್ತೆ ಮಡಚಿದಳು. ನಾನು ಅದನ್ನೂ ಬರೆದುಕೊಂಡೆ. ಅವಳ ತಾಯಿಯ ಕಿಟಕಿಯ ಧೂಳನ್ನು ಸಂಜೆ ಅಬ್ಬಾನಿಗೆ ನನ್ನದೆಂದು ಹೇಳಲಿದ್ದೇನೆ ಎಂಬುದು ನೆನಪಾಗಿ ನನ್ನ ಮೇಲೆ ನನಗೇ ಅಸಹ್ಯವಾಯಿತು. ಬರೆದದ್ದನ್ನು ಮಾತ್ರ ಅಳಿಸಲಿಲ್ಲ.

ಫ್ಲಶಿಂಗ್ ನನಗೆ ಗೊತ್ತಿದ್ದುದು ದೋಸೆಗಾಗಿ. ಗಣೇಶನ ಗುಡಿಯ ಕ್ಯಾಂಟೀನಿನಲ್ಲಿ ತಿಂದು ಬರುವ ದಾರಿಯಲ್ಲಿ ಈ ಚೀನಾ ಇದೆ ಎಂಬುದು ಗೊತ್ತಿತ್ತೇ ಹೊರತು ನಿಂತು ನೋಡಿರಲಿಲ್ಲ. ಮೇನ್ ಸ್ಟ್ರೀಟಿಗೆ ಬಂದ ಮೇಲೆ ಬಟ್ಟಲುಗಳು ಬದಲಾದವು. ಗಾಜಿನ ಹಿಂದೆ ಹುಡುಗರು ಹಿಟ್ಟನ್ನು ಎಳೆದು, ಮಡಚಿ, ಬಡಿದು ನೂಡಲ್ಸ್ ಮಾಡುತ್ತಿದ್ದರು. ಹಬೆಯಲ್ಲಿ ಬೆಂದ ಬನ್ನು, ಗೋಧಿ ರೊಟ್ಟಿ, ಹಿಟ್ಟಿನ ಕಡುಬು. ಬೆಳಿಗ್ಗೆಯಿಂದ ಅನ್ನದ ಸೀಮೆಯಲ್ಲಿದ್ದವಳು ಒಂದು ವ್ಯಾನ್ ಇಳಿದು ಗೋಧಿಯ ಸೀಮೆಗೆ ಬಂದಿದ್ದೆ. ಅಬ್ಬಾ ಬೋರ್ಡಿನ ಮೇಲೆ ಅಡ್ಡಲಾಗಿ ಎಳೆಯುತ್ತಿದ್ದ ಗೆರೆ ಕ್ವೀನ್ಸ್‌ನ ಎಕ್ಸ್‌ಪ್ರೆಸ್‌ವೇ ಮೇಲೆ ಎಲ್ಲೋ ದಾಟಿಹೋಗಿತ್ತು. ನಡುಬೀದಿಯಲ್ಲಿ ನಿಂತು ಗೆಳತಿಯ ಕೈ ಹಿಡಿದು ಕುಲುಕಿದೆ.

ಸಂಜೆ ಕರೋಕೆ. ಅದಿಲ್ಲದೆ ಯಾವ ಚೀನೀ ಊರಿನ ಸಂಜೆಯೂ ಪೂರ್ತಿಯಲ್ಲ ಅಂತ ಗೆಳತಿಯ ಹಟ. ಎರಡನೇ ಮಹಡಿಯಲ್ಲಿ ನೇರಳೆ ದೀಪದ ಒಂದು ಪುಟ್ಟ ಕೋಣೆ, ನಾವಿಬ್ಬರೇ. ಅವಳು ಬೂಟು ಬಿಚ್ಚಿ ಸೋಫಾದ ಮೇಲೆ ನಿಂತು ಹಾಡಿದಳು. ತರಗತಿಯಲ್ಲಿ ಪ್ರಶ್ನೆ ಕೇಳಲೂ ನಾಚುವವಳ ಗಂಟಲು ಇಷ್ಟು ದೊಡ್ಡದೇ ಅಂತ ಬೆರಗಾದೆ. ನನ್ನ ಸರದಿ ಬಂದಾಗ ಯಂತ್ರದಲ್ಲಿ ಹಿಂದಿಯ ಮೂರು ಹಾಡುಗಳಿದ್ದವು, ಕನ್ನಡ ಇರಲಿಲ್ಲ. ಶಾಲೆಯಲ್ಲಿ ಕಲಿತ ಒಂದು ಭಾವಗೀತೆಯನ್ನು ಸಂಗೀತವಿಲ್ಲದೆ ಹಾಡಿದೆ. ಅವಳಿಗೆ ತೊಂಬತ್ತು ಚಿಲ್ಲರೆ ಅಂಕ ಕೊಟ್ಟಿದ್ದ ಯಂತ್ರ ನನಗೆ ಅಂಕವನ್ನೇ ಕೊಡಲಿಲ್ಲ. ಹೊರಗೆ ಬಂದಾಗ ಲೈಬ್ರರಿಯ ಮುಂದೆ ಹೆಂಗಸರು ಸ್ಪೀಕರು ಇಟ್ಟು ಸಾಲಾಗಿ ಕುಣಿಯುತ್ತಿದ್ದರು. ಅರವತ್ತು ದಾಟಿದವರು, ಬೆನ್ನಿಗೆ ಚೀಲ ಹಾಕಿಕೊಂಡೇ ಹೆಜ್ಜೆ ಹಾಕುವವರು. ಕೊನೆಯ ಸಾಲಿಗೆ ಯಾರು ಬೇಕಾದರೂ ಸೇರಬಹುದಂತೆ, ಸೇರಿದೆವು.

ಹೊತ್ತು ಮುಳುಗುವಾಗ ಅವಳು ನನ್ನನ್ನು ಒಂದು ಅಡ್ಡರಸ್ತೆಯ ಅಂಗಡಿಗೆ ಕರೆದೊಯ್ದಳು. ಹಸಿರು ಬೋರ್ಡು, ಮೇಲೆ ಅರಬ್ಬಿಯಲ್ಲಿ ಹಲಾಲ್ ಎಂಬ ಬರಹ. ಗಲ್ಲೆಯಲ್ಲಿ ಬಿಳಿ ಟೋಪಿ ಹಾಕಿದ ಚೀನೀ ಯಜಮಾನ. ಹುಯಿ ಮುಸ್ಲಿಮರು, ತಮ್ಮ ಊರಿನ ಕಡೆಯವರು ಅಂತ ಗೆಳತಿ ಹೇಳಿದಳು. ನಾನು ಸಲಾಂ ಹೇಳಿದೆ. ಆತ ಒಂದು ಗಳಿಗೆ ನನ್ನ ಮುಖ ನೋಡಿ, ಎದ್ದು ನಿಂತು, ಎರಡೂ ಕೈ ಚಾಚಿ ಉತ್ತರ ಹೇಳಿದ. ನನಗೂ ಅವನಿಗೂ ನಡುವೆ ಅದೊಂದೇ ಭಾಷೆ ಇದ್ದದ್ದು, ಅದಕ್ಕೇ ಇಬ್ಬರೂ ಅದನ್ನು ಎರಡೆರಡು ಸಲ ಹೇಳಿಕೊಂಡೆವು. ಮಗ್ರಿಬ್ ನಮಾಜಿನ ಹೊತ್ತಾಗಿತ್ತು. ನಾನು ಕೇಳುವ ಮುಂಚೆಯೇ ಅವನ ಹೆಂಡತಿ ನನ್ನನ್ನು ಹಿಂದಕ್ಕೆ ಕರೆದೊಯ್ದು, ಹಿಟ್ಟಿನ ಮೂಟೆಗಳ ನಡುವೆ ಒಗೆದ ಮೇಜಿನ ಬಟ್ಟೆ ಹಾಸಿ, ಮಕ್ಕಾದ ದಿಕ್ಕಿಗೆಂದು ಗೋಡೆಯ ಮೇಲೆ ಅಂಟಿಸಿದ್ದ ಬಾಣದ ಗುರುತು ತೋರಿಸಿದಳು. ಅವತ್ತು ಇಡೀ ದಿನದಲ್ಲಿ ನಾನು ಸುಳ್ಳಿನ ಯೋಚನೆಯಿಲ್ಲದೆ ಕಳೆದ ಹೊತ್ತು ಅದೊಂದೇ.

ಊಟಕ್ಕೆ ಬಂದದ್ದು ಒಂದು ಖಾಲಿ ಬಟ್ಟಲು ಮತ್ತು ಒಂದು ಗಟ್ಟಿ ರೊಟ್ಟಿ. ರೊಟ್ಟಿಯನ್ನು ನಾವೇ ಚೂರು ಮಾಡಿ ಕೊಡಬೇಕು, ಆಮೇಲೆ ಅವರು ಅದನ್ನು ಕುರಿಮಾಂಸದ ಶೋರ್ವಾದಲ್ಲಿ ಬೇಯಿಸಿ ತರುತ್ತಾರೆ. ಮನೆಯಲ್ಲಿ ನಾವು ಮುರಿದು ಹಾಕಿಕೊಳ್ಳುವ ಹಾಗೆ ನಾಲ್ಕು ತುಂಡು ಮಾಡಿ ಕೊಟ್ಟೆ. ಯಜಮಾನ ಬಟ್ಟಲು ನೋಡಿ ತಲೆಯಾಡಿಸಿ ವಾಪಸು ಇಟ್ಟ. ಕಡಲೆಕಾಳಿನಷ್ಟಾಗಬೇಕು, ಅವಸರದವರಿಗೆ ಅಡಿಗೆಯವನೂ ಅವಸರದಲ್ಲೇ ಮಾಡುತ್ತಾನೆ ಅಂತ ಗೆಳತಿ ನಕ್ಕಳು. ಇಬ್ಬರೂ ಉಗುರು ನೋಯುವಂತೆ ರೊಟ್ಟಿ ಚಿವುಟುತ್ತ ಕೂತೆವು. ಬಟ್ಟಲು ಬಂದು ಅರ್ಧ ತಿನ್ನುವಷ್ಟರಲ್ಲಿ ಒಂಬತ್ತು ಗಂಟೆಯಾಯಿತು. ಮೈಸೂರಿನಲ್ಲಿ ಬೆಳಗಿನ ಆರೂವರೆ. ನಾನು ಇದ್ದೇನೆಂದು ಹೇಳಿಕೊಂಡಿದ್ದ ಶಿಯಾನಿನಲ್ಲಿ ಬೆಳಗಿನ ಒಂಬತ್ತು. ಫೋನು ಹಿಡಿದು ಅಂಗಡಿಯ ಹೊರಗೆ ಬಂದೆ.

ಅಬ್ಬಾ ಮೊದಲ ರಿಂಗಿಗೇ ಎತ್ತಿದರು. ಕಾಯುತ್ತಿದ್ದರು. ನಾನು ಶುರುಮಾಡಿದೆ. ಅನ್ನ ಎಲ್ಲಿ ಮುಗಿದು ಗೋಧಿ ಎಲ್ಲಿ ಶುರುವಾಯಿತು, ಪಾರ್ಕಿನ ಮುದುಕರು, ಪಿಟೀಲು, ಹೆಂಗಸರ ಕುಣಿತ. ಅವರು ಹ್ಞೂಂ, ಹ್ಞೂಂ ಅನ್ನುತ್ತ, ಅಮ್ಮಿಗೆ ನಡುನಡುವೆ ಉರ್ದುವಿನಲ್ಲಿ ಹೇಳುತ್ತ, ನಗುತ್ತ ಕೇಳಿದರು. ಮಣ್ಣಿನ ವಿಷಯ ಹೇಳಿದೆ, ಹಲ್ಲಿಗೆ ಕರಕರ ಅನ್ನುತ್ತದೆ ಅಂದೆ. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ ಅಂದರು. ಕಣ್ಣು ಹೋದ ಮೇಲೆ ಅವರ ದನಿಯಲ್ಲಿ ಅಂಥ ಸಂತೋಷವನ್ನು ನಾನು ಕೇಳಿರಲಿಲ್ಲ. ಹಾಗಾಗಿ ನಮಾಜಿಗೆ ಜಾಗ ಸಿಕ್ಕಿತೇ ಅಂತ ಕೇಳಿದಾಗ, ಸದ್ಯ ಒಂದು ನಿಜವಾದರೂ ಹೇಳಬಹುದಲ್ಲ ಅಂತ ಆತುರದಿಂದ ಅಂಗಡಿಯ ಕತೆ ಹೇಳಿದೆ.

ಅಬ್ಬಾನಿಗೆ ಈಗ ಯಾವ ಕೋಣೆಯನ್ನು ವರ್ಣಿಸಿದರೂ ದಿಕ್ಕು ಸಮೇತ ಹೇಳಬೇಕು. ಹಾಗೆ ಹೇಳಿದರೇ ಅದು ಅವರ ತಲೆಯಲ್ಲಿ ಕಟ್ಟಿಕೊಳ್ಳುತ್ತದೆ. ಬಾಗಿಲು ಯಾವ ಕಡೆ ಅಂತ ಕೇಳಿದರು. ದಕ್ಷಿಣಕ್ಕೆ ಅಂದೆ. ಒಲೆ? ಪಶ್ಚಿಮದ ಗೋಡೆಗೆ. ಮೂಟೆಗಳು ಆ ಕಡೆ ಈ ಕಡೆ, ನಡುವೆ ನಾನು ಈಶಾನ್ಯಕ್ಕೆ ತಿರುಗಿ ನಿಂತಿದ್ದೆ ಅಂದೆ. ಅಮೆರಿಕದಲ್ಲಿ ಐದು ವರ್ಷದಿಂದ ನಮಾಜಿಗೆ ನಿಂತ ದಿಕ್ಕು, ಬಾಯಿಗೆ ತಾನಾಗಿ ಬಂತು.

ಆ ಕಡೆ ಅಮ್ಮಿ ಏನೋ ಕೇಳಿದರು, ಅಬ್ಬಾ ತಡಿ ಅಂದರು. ಆಮೇಲೆ ಹೈಸ್ಕೂಲಿನಲ್ಲಿ ನಾನು ಕೇಳಿದ್ದ ದನಿ ಬಂತು.

"ಚೀನಾದಿಂದ ಮಕ್ಕಾ ಯಾವ ದಿಕ್ಕಿಗೆ?"

ನಾನು ಪಶ್ಚಿಮ ಅಂದೆ.

"ನಮ್ಮ ಮೈಸೂರಿಂದ?"

"ಅದೂ ಪಶ್ಚಿಮವೇ."

"ಈಶಾನ್ಯಕ್ಕೆ ತಿರುಗಿ ನಮಾಜ್ ಮಾಡೋರು ಎಲ್ಲಿರ್ತಾರೆ?"

ಮೇನ್ ಸ್ಟ್ರೀಟಿಗೆ ಹೋಗುವ ಬಸ್ಸೊಂದು ಎದುರಿಗೆ ನಿಂತು, ಇಂಗ್ಲಿಷಿನಲ್ಲಿ ತನ್ನ ನಿಲ್ದಾಣದ ಹೆಸರು ಕೂಗಿ ಬಾಗಿಲು ತೆಗೆಯಿತು. ಅಬ್ಬಾನಿಗೆ ಅದೂ ಕೇಳಿಸಿರಬೇಕು.

"ನ್ಯೂಯಾರ್ಕಲ್ಲಿ ಇದ್ದೀನಿ ಅಬ್ಬಾ," ಅಂದೆ. "ಹೋಗ್ಲೇ ಇಲ್ಲ. ವೀಸಾ ಸ್ಟ್ಯಾಂಪ್ ಮುಗಿದಿತ್ತು. ನಿಮಗೆ ಹೇಳೋಕೆ ಆಗ್ಲಿಲ್ಲ."

ಬೈಗುಳಕ್ಕೆ ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ನಿಧಾನವಾಗಿ, ತಮಗೆ ತಾವೇ ಹೇಳಿಕೊಳ್ಳುವಂತೆ ಅಂದರು: "ಕಣ್ಣು ಕಾಣದೋನಿಗೆ ಏನು ಹೇಳಿದ್ರೂ ನಡೆಯುತ್ತೆ ಅಂದ್ಕೊಂಡೆ, ಅಲ್ವಾ?"

ಹಾಗಲ್ಲ ಅಬ್ಬಾ ಅಂದೆ. ಆದರೆ ಹಾಗೇ ಇತ್ತು. ಅವರಿಗೆ ಕಣ್ಣಿದ್ದಿದ್ದರೆ ನಾನು ಆ ಮೊದಲ ಮೆಸೇಜು ಹಾಕುವ ಧೈರ್ಯ ಮಾಡುತ್ತಿರಲಿಲ್ಲ, ವಿಡಿಯೋ ಕರೆಯ ಮೊದಲ ನಿಮಿಷಕ್ಕೇ ಸಿಕ್ಕಿಬೀಳುತ್ತಿದ್ದೆ. ಇದನ್ನು ನಾನು ಅಷ್ಟು ದಿನ ನನಗೇ ಹೇಳಿಕೊಂಡಿರಲಿಲ್ಲ. ಅವರು ಹೇಳಿದ ಮೇಲೆ ಅಲ್ಲಿ ಬೀದಿಯಲ್ಲೇ ನಿಂತು ಅತ್ತೆ. ಊಟ ಆಯಿತೇ ಅಂತ ಅವರು ಕೇಳಿದರು. ಅರ್ಧ ಆಗಿದೆ ಅಂದೆ. ಮುಗಿಸು, ಬಿಡಬೇಡ ಅಂತ ಹೇಳಿ ಫೋನು ಇಟ್ಟರು.

ಒಳಗೆ ಬಂದು ತಣ್ಣಗಾದ ಶೋರ್ವಾ ಮುಗಿಸಿದೆ. ಗೆಳತಿ ತನ್ನ ಬಟ್ಟಲಿ‌ನ ಎರಡು ತುಂಡು ಮಾಂಸ ನನ್ನದಕ್ಕೆ ಹಾಕಿದಳು. ಅವಳ ಧೂಳಿನ ವಿಷಯ ನನ್ನದೆಂದು ಹೇಳಿದ್ದಕ್ಕೆ ಕ್ಷಮೆ ಕೇಳಿದೆ. ತನಗೆ ಅದರಲ್ಲಿ ಬೇಜಾರಿಲ್ಲ, ಆದರೆ ನಿಮ್ಮಪ್ಪನಿಗೆ ಅದು ಯಾರ ಮನೆಯ ಕಿಟಕಿ ಎಂದು ತಿಳಿದಿರಬೇಕು ಅಂದಳು.

ಬೇಸ್‌ಮೆಂಟಿಗೆ ಬಂದು ಮಲಗಿದರೆ ನಿದ್ದೆ ಎಲ್ಲಿಯದು. ಮೈಸೂರಿನಲ್ಲಿ ಆ ಸಂಜೆ ಐದಕ್ಕೆ ಹಳೆಯ ವಿದ್ಯಾರ್ಥಿಗಳೆಲ್ಲ ಬರುವವರಿದ್ದರು. ಅಬ್ಬಾ ಅವರಿಗೆ ಏನು ಹೇಳುತ್ತಾರೆ ಎಂಬುದೊಂದೇ ಯೋಚನೆ. ಮಗಳ ಮಾನ ಉಳಿಸಲು ಅವರೇನಾದರೂ ಚೀನಾದ ಕತೆ ಹೇಳಿಬಿಟ್ಟರೆ, ಆ ಮನುಷ್ಯ ಬದುಕಿನಲ್ಲಿ ಮೊದಲ ಸಲ ತನ್ನ ವಿದ್ಯಾರ್ಥಿಗಳಿಗೆ ಸುಳ್ಳು ಹೇಳಿದ ಹಾಗಾಗುತ್ತಿತ್ತು, ಅದೂ ನನ್ನಿಂದ. ಹುಷಾರಿಲ್ಲ ಅಂತ ಎಲ್ಲರನ್ನೂ ವಾಪಸು ಕಳಿಸಿದರೆ ಅದೂ ಸುಳ್ಳೇ. ಬೆಳಗಿನ ಜಾವ ಅಮ್ಮಿಗೆ ಮೆಸೇಜು ಹಾಕಿದೆ. ಅಬ್ಬಾ ಬೆಳಿಗ್ಗೆಯಿಂದ ಮಾತಾಡಿಲ್ಲ, ಚಹಾ ಮಾತ್ರ ಕುಡಿದಿದ್ದಾರೆ ಅಂತ ಉತ್ತರ ಬಂತು.

ಇಲ್ಲಿಯ ಬೆಳಗಿನ ಏಳೂವರೆಗೆ, ಅಲ್ಲಿಯ ಸಂಜೆ ಐದಕ್ಕೆ, ಫೋನು ಬಂತು. ಅಮ್ಮಿಯ ನಂಬರು. ಎತ್ತಿದರೆ ಅಮ್ಮಿಯ ದನಿಯಿಲ್ಲ, ಕುರ್ಚಿ ಎಳೆಯುವ ಸದ್ದು, ಹತ್ತಾರು ಜನರ ಕೆಮ್ಮು, ಲೋಟಗಳ ಸದ್ದು. ಸ್ಪೀಕರು ಹಾಕಿ ಯಾರೋ ನಡುವಿನ ಮೇಜಿನ ಮೇಲೆ ಇಟ್ಟಿದ್ದರು. ಅಬ್ಬಾ ಮಾತಾಡುತ್ತಿದ್ದರು, ಕನ್ನಡದಲ್ಲಿ.

"ಚೀನಾ ಪಾಠ ಅಂತ ಹೇಳಿದ್ದೆ. ಅದು ಇವತ್ತು ಇಲ್ಲ. ಯಾಕೆ ಇಲ್ಲ ಅಂತ ನಾನು ಹೇಳೋದಲ್ಲ, ಹೇಳಬೇಕಾದವಳು ಫೋನಲ್ಲಿ ಇದ್ದಾಳೆ. ಅವಳು ಏನು ನೋಡಿದ್ಲೋ ಅದನ್ನೂ ಅವಳೇ ಹೇಳ್ಲಿ, ಎಲ್ಲಿ ನೋಡಿದ್ಲು ಅನ್ನೋದನ್ನ ಸೇರಿಸಿ." ಆಮೇಲೆ ದನಿ ಫೋನಿನ ಕಡೆ ತಿರುಗಿತು. "ಹೇಳು. ಎಲ್ರೂ ಕೇಳ್ತಾ ಇದ್ದಾರೆ."

ಹಾಸಿಗೆಯಲ್ಲಿ ಕೂತಿದ್ದವಳು ಯಾಕೋ ಎದ್ದು ನಿಂತೆ. ಮೇಲಿನ ಮನೆಯಲ್ಲಿ ಆಂಟಿ ಮಿಕ್ಸಿ ತಿರುಗಿಸುವುದು ನಿಲ್ಲುವ ತನಕ ಕಾದೆ, ಆಮೇಲೆ, ನಾನು ಚೀನಾಕ್ಕೆ ಹೋಗಲಿಲ್ಲ, ಹೋದೆನೆಂದು ಅಬ್ಬಾನಿಗೆ ಸುಳ್ಳು ಹೇಳಿದೆ ಅಂತ ಆ ಹನ್ನೆರಡು ಜನರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ. ಅಬ್ಬಾನ ದನಿ ಹತ್ತಿರ ಬಂತು, ಫೋನನ್ನು ಕೈಗೆ ತೆಗೆದುಕೊಂಡಿರಬೇಕು.

"ಸರಿ," ಅಂದರು. "ಈಗ ಮೊದಲಿಂದ ಹೇಳು. ನಿನ್ನೆ ಬೆಳಿಗ್ಗೆ ಯಾವ ಟ್ರೇನ್ ಹತ್ತಿದೆ?"